ಟರ್ಬೋ ಮಾವ

...ಅಲ್ಲ ಭಾವ, ನಾನು ಟರ್ಬೋ ಬ್ಯಾಡ ಅಂದ್ನಾ? ಅನ್ಲಿಲ್ಲ. ಸ್ಟ್ಯಾಂಡರ್ಡ್ ಸಾಕು ಅಂದೆ. ಎಲ್ಡಕ್ಕೂ ವ್ಯತ್ಯಾಸ ಐತೆ. ಹುಡುಗಿ ಚೆನ್ನಾಗಿಲ್ಲ ಅನ್ನೋದು ಬೇರೆ, ನಮ್ ಹುಡುಗನಿಗೆ ಈ ವರ್ಷ ಮದುವೆ ಬ್ಯಾಡ ಅನ್ನೋದು ಬೇರೆ. ನಾನು ಎಲ್ಡನೇದು ಹೇಳ್ತಿರೋದು.

ಕುಂತ್ಕೊ, ಯಾಕೆ ಎದ್ದೆ? ನಿನ್ ಮಗಳು ಭೂಮಿಕಾ ಈಗ ತಾನೇ ಕಾರ್ ತಗೊಂಡು ಹೋದ್ಳು. ಟೆಸ್ಟ್ ಡ್ರೈವ್ ಅಂದ್ರೆ ಶೋರೂಮಿಂದ ಬೈಪಾಸ್ ತಂಕ ಹೋಗಿ, ಫ್ಲೈಓವರ್ ಸುತ್ಕೊಂಡು ಬರೋದು. ಹೊಸೂರು ಟ್ರಾಫಿಕ್ಕಲ್ಲಿ ಅರ್ಧ ಗಂಟೆ ಅನ್ಕೋ. ಪಕ್ಕದಲ್ಲಿ ಆ ಶಶಿಕುಮಾರ್ ಕುಂತವ್ನೆ, ಕಾರ್ ಮಾರೋನು, ಕಾರಿಗೆ ಏನಾಯ್ತದೋ ಅಂತ ಅವ್ನಿಗೆ ನಿಂಗಿಂತ ಭಯ ಜಾಸ್ತಿ. ನೀನು ಕಿಟಕಿ ಹತ್ರ ನಿಂತು ರಸ್ತೆ ನೋಡಿದ್ರೆ ಅವಳು ಬೇಗ ಬರಲ್ಲ. ಬಾ, ಕುಂತ್ಕೊ. ಎಸಿ ಐತೆ, ಸೋಫಾ ಐತೆ, ಪೇಪರ್ ಲೋಟದಲ್ಲಿ ಕಾಫಿ ಕೊಟ್ಟವ್ರೆ.

ಕಾಫೀನಾ ಇದು? ಥೂ. ಡಿಕಾಕ್ಷನ್ ಎಲ್ಡನೇ ಸಲ ಇಳ್ಸವ್ರೆ. ಹಾಲು ಕಾಯ್ಸಿ ಒಂದು ಗಂಟೆ ಆಗೈತೆ, ಮತ್ತೆ ಬಿಸಿ ಮಾಡವ್ರೆ, ಅದಕ್ಕೇ ಆ ವಾಸನೆ. ನೂರು ಜನಕ್ಕೆ ಒಂದೇ ಸಲ ಕಲಸಿಟ್ರೆ ಇಂಗೇ ಆಗೋದು, ಡಿಕಾಕ್ಷನ್ ಬೇರೆ, ಹಾಲು ಬೇರೆ ಇಟ್ಕೊಂಡು ಲೋಟಕ್ಕೆ ಬರೋವಾಗ... ಏನು? ನಂಗೆ ಹೆಂಗೆ ಗೊತ್ತು ಅಂದ್ರೆ... ಕಾಫಿ ಕುಡಿಯೋ ಮನುಷ್ಯನಿಗೆ ಅಷ್ಟೂ ಗೊತ್ತಿರಲ್ವಾ? ನೀನು ಅದನ್ನೆಲ್ಲಾ ಹಿಡ್ಕೋಬ್ಯಾಡ. ಎಂಜಿನ್ ವಿಷಯಕ್ಕೆ ಬಾ.

ಇಪ್ಪತ್ತೆರಡು ವರ್ಷ ಆಯ್ತು ನಾನು ಟರ್ಬೋ ಪ್ಲಾಂಟ್ ಗೇಟು ದಾಟೋಕೆ ಶುರು ಮಾಡಿ. ಅದಕ್ಕೇ ತಾನೇ ಉದ್ದನಪಲ್ಲಿಯಿಂದ ಫೋನ್ ಮಾಡ್ದೆ ನೀನು? 'ತಿಮ್ಮರಾಜು, ಮಗೀಗೆ ಕಾರ್ ತಗೋತಿದ್ದೀವಿ, ನೀನು ಬಂದು ಇದು ತಗೋ ಅಂದ್ರೆ ಇದು, ಅದು ತಗೋ ಅಂದ್ರೆ ಅದು' ಅಂತ. ಬಾಯಿ ತುಂಬ ಅಂದೆ. ಅಂದ್ಮೇಲೆ ಕೇಳ್ಬೇಕು. ನಾನು ಸ್ಟ್ಯಾಂಡರ್ಡ್ ಅಂದೆ, ಮುಗೀತು, ಆ ಹುಡುಗಿ ಮಾಲಿನಿ ಅಲ್ಲಿ ಫಾರಂ ಇಟ್ಕೊಂಡು ಕುಂತವ್ಳೆ, ಹೋಗಿ ಸೈನ್ ಹಾಕು. ಭೂಮಿಕಾ ಬರೋದ್ರೊಳಗೆ ಮುಗ್ಸಿಬುಡಣ.

ಹೋಗಲ್ವಾ. ಸರಿ. ಬಿಡಿಸಿ ಹೇಳ್ಬೇಕು ನಿಂಗೆ.

ಈ ಹಾಳೆ ನೋಡು. ಒಂದು ಟರ್ಬೋ. ಇನ್ನೊಂದು ನ್ಯಾಚುರಲಿ ಆಸ್ಪತ್ರೆ... ಅಲ್ಲ, ಆಸ್ಪಿರೇಟೆಡ್. ನಗಬ್ಯಾಡ. ಇಂಗ್ಲಿಷ್‌ನೋರು ಇಟ್ಟಿರೋ ಹೆಸರು, ನಾನು ಇಟ್ಟಿದ್ದಲ್ಲ. ಅದನ್ನೇ ಎಲ್ಲಾರೂ ಸ್ಟ್ಯಾಂಡರ್ಡ್ ಅನ್ನೋದು. ತಾನಾಗೇ ಉಸಿರಾಡೋ ಎಂಜಿನ್ ಅಂತ ಅರ್ಥ. ಈಗ ನಿಮ್ಮನೆ ಸೌದೆ ಒಲೆ ತಗೋ. ಬೆಂಕಿ ಹಚ್ಚಿ ಬಿಟ್ರೆ, ಒಲೆ ಬಾಯಿಂದ ಎಷ್ಟು ಗಾಳಿ ಒಳಗೆ ಹೋಯ್ತದೋ ಅಷ್ಟಕ್ಕೆ ಉರೀತದೆ. ಅದು ಸ್ಟ್ಯಾಂಡರ್ಡ್. ಈಗ ನಿಮ್ಮವ್ವ ಭದ್ರಮ್ಮ ಬಂದು ಊದುಗೊಳವೆ ತಗೊಂಡು ಊದಿದ್ರು ಅನ್ಕೋ, ಅದೇ ಸೌದೆ, ಅದೇ ಒಲೆ, ಆದ್ರೆ ಉರಿ ಎಲ್ಡರಷ್ಟು. ಅದು ಟರ್ಬೋ. ಊದೋಕೆ ಬೇರೆ ಆಳು ಇರಲ್ಲ. ಹೊರಗೆ ಹೋಗೋ ಹೊಗೆ ದಾರೀಲಿ ಒಂದು ಚಕ್ರ ಇಟ್ಟಿರ್ತಾರೆ, ಆ ಹೊಗೇನೇ ಚಕ್ರ ತಿರುಗ್ಸೋದು. ಅದರ ಜೊತೆ ಇನ್ನೊಂದು ಚಕ್ರ ಸೇರ್ಕೊಂಡು ತಿರುಗಿ ಒಳಕ್ಕೆ ಗಾಳಿ ನೂಕೋದು. ಹೊಗೆ ದುಡಿದು ಬೆಂಕಿಗೆ ಹಾಕ್ತದೆ. ಚೆನ್ನಾಗೈತೆ ಅಲ್ವಾ?

ನೋಡ್ದಾ, ತಲೆ ಆಡ್ಸಿದೆ. ಇಷ್ಟು ಸಲೀಸಾಗಿ ಆ ಶಶಿಕುಮಾರ್ ಹೇಳ್ದನಾ? ಟಾರ್ಕ್ ಅಂದ, ಬಿಎಚ್‌ಪಿ ಅಂದ, ನೀನು ಕೆಲಮಂಗಲ ಸಂತೇಲಿ ತೆಲುಗು ಬರ್ದೇ ಇರೋನು ನಿಂತಂಗೆ ನಿಂತಿದ್ದೆ.

ಹಂಗಾದ್ರೆ ಟರ್ಬೋನೇ ತಗೋಬಹುದಲ್ಲ ಅಂತ ನೋಡ್ತಿದ್ದೀಯ. ಗೊತ್ತಾಯ್ತದೆ ನಿನ್ ಮುಖ. ಬ್ಯಾಡ. ಯಾಕೆ ಬ್ಯಾಡ ಕೇಳು. ಒಂದು, ಕಾಲಲ್ಲಿ ಒತ್ತಿದ ತಕ್ಷಣ ಅದು ಹೋಗಲ್ಲ, ವಸಿ ಯೋಚನೆ ಮಾಡ್ತದೆ. ಹೊಗೆ ಬಂದು, ಚಕ್ರ ತಿರುಗಿ, ಗಾಳಿ ಹೋಗಿ, ಆಮೇಲೆ ತಾನೇ? ನಿನ್ನ ತರಾ. ನಿನ್ನ ಏನಾರ ಕೇಳಿದ್ರೆ ಉತ್ತರ ಬರೋಷ್ಟರಲ್ಲಿ ಕಾಫಿ ಆರೋಗಿರ್ತದೆ. ಇನ್ನೊಂದು, ಬಿಸಿ. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗ್ತದೆ ಭಾವ, ಲಕ್ಷ. ಅಲ್ಲಿ ಹೋಗೋ ಆಯಿಲ್ಲು ಕೆಟ್ಟೋದ್ರೆ, ತಳ ಹಿಡೀತದೆ. ಒಂದ್ಸಲ ತಳ ಹಿಡೀತು ಅಂದ್ರೆ ಮುಗೀತು, ಎಷ್ಟು ನೀರು ಹಾಕಿ ಕದಡಿದ್ರೂ ಆ ವಾಸನೆ ಹೋಗಲ್ಲ, ಇಡೀ ಕೊಪ್ಪರಿಗೇನೇ ಚೆಲ್ಲಿ...

ಕೊಪ್ಪರಿಗೆ ಅಂದ್ನಾ? ನಮ್ ಪ್ಲಾಂಟಲ್ಲಿ ಅಂಗೇ ಅನ್ನೋದು. ಆಯಿಲ್ ಟ್ಯಾಂಕಿಗೆ.

ಯಾಕೆ ಕೆಮ್ಮು? ನೀರು ಕುಡಿ.

ಶಶಿಕುಮಾರ್ ಹೇಳಿದ್ದು ಅಂದ್ರೆ... ಏನು ಹೇಳ್ದ ಅವ್ನು? ಬಾಗಿಲಲ್ಲಾ? ಓ, ಅದಾ. ನನ್ನ ನೋಡಿದ ತಕ್ಷಣ ಕೈ ಮುಗ್ದ, ಹೌದು. ನಮ್ಮ ಪ್ಲಾಂಟಲ್ಲಿ ಎಲ್ಡು ವರ್ಷ ಅಪ್ರೆಂಟಿಸ್ ಇದ್ದ, ಆಮೇಲೆ ಇಲ್ಲಿ ಸೇರ್ಕೊಂಡ. ನನ್ನ ಕೈಯಲ್ಲೇ ಬೆಳ್ದ ಹುಡುಗ. 'ಅಣ್ಣೇ, ಇನ್ನಿಕ್ಕಿ ಲೀವಾ? ಸಾಪ್ಪಾಡು...' ಅಂತ, ಇವತ್ತು ರಜೆನಾ ಅಂತ ಏನೋ ಕೇಳ್ದ. ಸಾಪ್ಪಾಡು ಆಚ್ಚಾ ಅಂತ ಕಣ್ ಭಾವ. ಊಟ ಆಯ್ತಾ ಅಂತ. ತಮಿಳರು ಅಂಗೇ ಕೇಳೋದು, ಬೆಳಿಗ್ಗೆ ಹತ್ತು ಗಂಟೆಗಾದ್ರೂ ಕೇಳ್ತಾರೆ. ನಿಂಗೆ ತಮಿಳು ಚೆನ್ನಾಗಿ ಬತ್ತದೆ ಅಂತ ಗೊತ್ತು, ಅಂಗಂತ ಎಲ್ಲಾ ಮಾತೂ ನಿನ್ನ ಕಿವಿಗೆ ಸರಿಯಾಗಿ ಬಿದ್ದಿರ್ತದಾ? 'ನೀ ಲೀವು ಪೋಟ್ಟಾ ಸಾಪ್ಪಾಡು ಯಾರು?' ಅಂತ, ನೀನು ರಜೆ ಹಾಕಿದ್ರೆ ಊಟಕ್ಕೆ ಯಾರು ಅಂತ ಕೇಳಿಸ್ತಾ ನಿಂಗೆ? ಇಲ್ಲ. ಇಲ್ಲ ಇಲ್ಲ. ಅವ್ನು ಅಂಗೆ ಅಂದಿಲ್ಲ. ಅಂದಿದ್ರೂ ತಮಾಷೆಗೆ ಅಂದಿರ್ತಾನೆ.

ಅವ್ನು ಮಾಡಿದ ದೊಡ್ಡ ಕೆಲಸ ಅದಲ್ಲ. ಭೂಮಿಕಾ ಕೇಳಿದ್ಳು ಅಂತ, 'ಈ ಕಾರಲ್ಲಿ ಇರೋ ಟರ್ಬೋ ನಿಮ್ಮ ಮಾವನ ಕಂಪನಿದೇ ಮೇಡಂ' ಅಂದ್ಬುಟ್ಟ. ಯಾಕೆ ಹೇಳ್ಬೇಕಿತ್ತು? ಕೇಳಿದ್ದಕ್ಕೆ ಗೊತ್ತಿಲ್ಲ ಅನ್ನೋದಲ್ವಾ? ಈ ಮಗು ಅಲ್ಲೇ ಕುಣಿದು ಬಿಡ್ತು. ಕೃಷ್ಣಗಿರಿ ಕೋರ್ಟಲ್ಲಿ ಕರೀ ಕೋಟು ಹಾಕ್ಕೊಂಡು ವಾದ ಮಾಡೋ ಲಾಯರಮ್ಮ ಅದು, ಆದ್ರೂ ಎಲ್ಲಾರ ಮುಂದೆ ನನ್ನ ತೋಳು ಹಿಡ್ಕೊಂಡು, 'ಟರ್ಬೋ ಮಾವ, ವಾಪಸ್ ಬಂದ ತಕ್ಷಣ ಬಾನೆಟ್ ಎತ್ತಿಸ್ತೀನಿ, ನೀನು ಮಾಡಿರೋದು ಯಾವ್ದು ತೋರಿಸ್ಬೇಕು, ಪಕ್ಕದಲ್ಲಿ ನಿಲ್ಸಿ ಫೋಟೋ ತೆಗೀತೀನಿ' ಅಂತ. ಫೋಟೋನ ಆಫೀಸಲ್ಲಿ ಮೇಜಿನ ಮೇಲೆ ಇಡ್ತಾಳಂತೆ. ಸೀನಿಯರ್ ವಕೀಲ್ರಿಗೆ ತೋರಿಸ್ತಾಳಂತೆ. ಅವಳಿಗೆ ಟರ್ಬೋ ಬೇಕಾಗಿರೋದು ಸ್ಪೀಡಿಗಲ್ಲ ಭಾವ. ನನ್ನ ಮೇಲಿನ ಹೆಮ್ಮೆಗೆ.

ಅದಕ್ಕೇ ಹೇಳ್ತಿರೋದು ಸ್ಟ್ಯಾಂಡರ್ಡ್ ಸಾಕು ಅಂತ... ಅದಕ್ಕೇ ಅಂದ್ರೆ, ಅದಕ್ಕಲ್ಲ. ಬಿಸಿಗೆ. ಆಯಿಲ್ಲಿಗೆ. ಹೇಳಿದ್ನಲ್ಲ.

ನೀನು ಯಾಕೆ ನನ್ನ ಕೈ ನೋಡ್ತಿದ್ದೀಯ? ಈ ಸುಟ್ಟ ಗಾಯನಾ? ಹಳೇದಲ್ವಾ ಇದು. ಅವತ್ತು ನೀವೆಲ್ಲಾ ಮನೇಲೇ ಇದ್ರಿ. ಭದ್ರಮ್ಮತ್ತೆ ಬೆಣ್ಣೆ ಹಚ್ಚಿ, ಹುಣಸೆ ಮರದ ಕೆಳಗೆ ಕುಂತು ಊರೋರಿಗೆಲ್ಲಾ ಹೇಳಿದ್ರು, 'ನಮ್ ಅಳಿಯನಿಗೆ ಟರ್ಬೋ ಸುಟ್ಬುಡ್ತು' ಅಂತ. ಪಾಪ, ಟರ್ಬೋ ಅಂದ್ರೆ ನಾಯಿ ತರಾ ಕಚ್ಚೋದು ಅಂದ್ಕೊಂಡಿದ್ರು ಕೊನೇತನಕ. ಉಗಿ ತಾಗಿದ್ದು ಅದು. ಸ್ಟೀಮು. ಮುಚ್ಚಳ ತೆಗೆಯೋವಾಗ... ಮೆಷಿನ್ ಮುಚ್ಚಳ. ಎಲ್ಲಾ ಮೆಷಿನ್‌ಗೂ ಮುಚ್ಚಳ ಇರ್ತದೆ.

ನಮ್ ಕೆಲಸ ನಿಂಗೆ ಅರ್ಥ ಆಗಲ್ಲ ಬಿಡು. ನಿಂದು ಗುಲಾಬಿ ತೋಟ, ಹೂವು ಕಿತ್ತು ಕಟ್ಟಿ ಕಳ್ಸಿದ್ರೆ ಆಯ್ತು. ನಮ್ದು ಹಂಗಲ್ಲ. ಬೆಳಿಗ್ಗೆ ಫಸ್ಟ್ ಶಿಫ್ಟ್ ಸೈರನ್ ಆಗೋ ಹೊತ್ತಿಗೆ ನನ್ನ ಕೈಯಿಂದ ಎಲ್ಡು ಸಾವಿರದ ನಾನೂರು ಪೀಸ್ ಹೊರಗೆ ಹೋಗಿರ್ಬೇಕು. ಒಂದು ನಿಮಿಷ ತಡ ಆಗೋ ಹಂಗಿಲ್ಲ. ಎಲ್ಲಾ ಒಂದೇ ಸೈಜು, ಒಂದೇ ತೂಕ. ಒಂದು ಪೀಸು ವಸಿ ಗಟ್ಟಿ ಬಂತೋ, ಯೂನಿಯನ್‌ನೋರು ತಗೊಂಡು ಹೋಗಿ ಮ್ಯಾನೇಜರ್ ಮೇಜಿನ ಮೇಲೆ ಇಡ್ತಾರೆ. ನಾನಿರೋ ತಂಕ ಅಂಥಾ ಕಂಪ್ಲೇಂಟು ಒಂದೂ ಬಂದಿಲ್ಲ. ಮುಟ್ಟಿದ್ರೆ ಹತ್ತಿ ತರಾ ಮೆತ್ತಗೆ...

...

ಟರ್ಬೋ ಮೆತ್ತಗಿರಲ್ಲ. ಗೊತ್ತು ನಂಗೆ. ನೀನು ನಗು ತಡ್ಕೊಳ್ಳೋ ಚಂದ ನೋಡು, ಭುಜ ಎಲ್ಲಾ ಅಲ್ಲಾಡ್ತದೆ. ನಗೋದಾದ್ರೆ ನಕ್ಕುಬಿಡು ಭಾವ.

ಈಗ ಯಾಕೆ ನಗು ನಿಂತೋಯ್ತು?

ಅಂಗೆ ನೋಡ್ಬ್ಯಾಡ. ಇಲ್ಲ, ನೀನು ನಗ್ತಿದ್ದಾಗ್ಲೇ ಚೆನ್ನಾಗಿತ್ತು. ಏನಾರ ಕೇಳು. ಬೈಯೋದಾದ್ರೆ ಬೈ. ನೀನು ಮಾತೇ ಆಡ್ದೆ ಕುಂತ್ರೆ ನಾನೇ ಮಾತಾಡ್ಬೇಕಾಯ್ತದೆ, ನಾನು ಮಾತಾಡಿದಷ್ಟೂ... ನೋಡ್ತಿದ್ದೀಯಲ್ಲ ಏನೇನು ಉದುರ್ತೈತೆ ಅಂತ.

ನಾನು ಸುಳ್ಳು ಹೇಳ್ಲಿಲ್ಲ ಭಾವ. ಅದನ್ನ ಮೊದ್ಲು ತಿಳ್ಕೊ. ಹೆಣ್ಣು ನೋಡೋಕೆ ನಿಮ್ಮನೆಗೆ ಬಂದ ದಿನ ಜಗಲಿ ಮೇಲೆ ನಿಮ್ಮಪ್ಪ ಕುಂತಿದ್ರು, ಪಕ್ಕದಲ್ಲಿ ನೀನು. ಹುಡುಗ ಏನ್ ಮಾಡ್ತಾನೆ ಅಂತ ಕೇಳಿದ್ರು. ನಮ್ ಕಡೆ ಮದುವೆ ಮಾತಾಡೋಕೆ ಬಂದಿದ್ದೋನು ಏನಂದ? 'ಟರ್ಬೋ ಪ್ಲಾಂಟಲ್ಲಿ ಸಪ್ಲೈಯರ್' ಅಂದ. ಅದರಲ್ಲಿ ಒಂದು ಅಕ್ಷರ ಸುಳ್ಳಾ ಹೇಳು. ಹೋಟ್ಲಲ್ಲಿ ಎಲೆ ಹಾಕಿ ಬಡಿಸೋನಿಗೆ ಏನಂತಾರೆ? ಸಪ್ಲೈಯರ್ ಅಂತಾರೆ. ಹೊಸೂರಿಂದ ಕೃಷ್ಣಗಿರಿ ತಂಕ ಯಾವ ಹೋಟ್ಲಿಗೆ ಬೇಕಾದ್ರೂ ಹೋಗಿ ಕೇಳು. ನಾನು ಆಗ ಕ್ಯಾಂಟೀನಲ್ಲಿ ಸಾಂಬಾರ್ ಬಕೆಟ್ ಹಿಡಿಯೋ ಸಪ್ಲೈಯರ್, ಒಲೆ ಮುಂದೆ ನಿಂತಿದ್ದು ಆಮೇಲೆ. ಆದ್ರೆ ಟರ್ಬೋ ಪ್ಲಾಂಟ್ ಅಂತ ಮುಂದೆ ಸೇರ್ಕೊಂಡಿತ್ತಲ್ಲ, ನಿಮ್ಮಪ್ಪ ಮೀಸೆ ತಿರುವಿ, 'ಓ, ಕಂಪನಿಗೆ ಸಾಮಾನು ಸಪ್ಲೈ ಮಾಡೋ ಪಾರ್ಟಿ' ಅಂದ್ರು. ಒಳಗಿಂದ ಬರ್ತಿದ್ದ ಉಪ್ಪಿಟ್ಟಿಗೆ ಆ ಕ್ಷಣಕ್ಕೆ ಕೇಸರೀಬಾತು ಸೇರ್ಕೊಂತು.

ನಾನು ಬಾಯಿ ತೆಗೀಬೇಕಿತ್ತು. ಅಲ್ಲೇ. 'ಇಲ್ಲ ಮಾವ, ಸಾಮಾನಲ್ಲ, ಸಾಂಬಾರು' ಅಂತ ಅಂದಿದ್ರೆ ಮುಗೀತಿತ್ತು. ಅಷ್ಟರಲ್ಲಿ ಲಕ್ಷ್ಮಿ ಕಾಫಿ ತಗೊಂಡು ಬಂದ್ಳು. ವೆಂಕಟಲಕ್ಷ್ಮಿ ಅಂತ ಹೆಸರು ಹೇಳಿದ್ಳು, ತಲೆ ಎತ್ತಿ ನೋಡಿದ್ಳು. ಎಲ್ಲಾರೂ ನೆಲ ನೋಡ್ತಾರೆ, ನಿನ್ ತಂಗಿ ನನ್ನ ಮುಖ ನೋಡಿದ್ಳು. ಹೇಳೋ ಬದ್ಲು ಭಾವ, ಕೇಸರೀಬಾತು ತಿಂದುಬುಟ್ಟೆ.

ಆಮೇಲೆ ಹೇಳೋಣ ಅಂದ್ಕೊಂಡೆ. ಲಗ್ನ ಆದ್ಮೇಲೆ, ಮೊದಲ ಹಬ್ಬ ಆದ್ಮೇಲೆ. ಅಷ್ಟೊತ್ತಿಗೆ ನೀವು ಊರಲ್ಲೆಲ್ಲಾ ಹೇಳ್ಕೊಂಡು ಬಂದಿದ್ರಿ. ನಾನು ಬಂದ್ರೆ ಬಸ್ ಸ್ಟಾಂಡಲ್ಲೇ ಜನ ನಿಲ್ಲಿಸ್ಕೊಂಡು, 'ನಮ್ ಟ್ರಾಕ್ಟರ್ ಹೊಗೆ ಜಾಸ್ತಿ ಬಿಡ್ತದೆ, ನೋಡ್ತೀರಾ' ಅಂತ ಕೇಳೋರು. ನಾನು ಬಗ್ಗಿ ನೋಡಿ, ತಲೆ ಕೆರ್ಕೊಂಡು, 'ಫಿಲ್ಟರ್ ಚೇಂಜ್ ಮಾಡಿ' ಅಂತಿದ್ದೆ. ಹತ್ತಕ್ಕೆ ಎಂಟು ಸಲ ಸರಿ ಹೋಗೋದು. ನಾನೇನ್ ಮಾಡ್ಲಿ?

ಲಕ್ಷ್ಮಿಗೆ ಮೂರನೇ ದಿನಕ್ಕೇ ಗೊತ್ತಾಯ್ತು. ನನ್ನ ಅಂಗಿ ಒಗೆಯೋಳು ಅವಳೇ ಅಲ್ವಾ. ಗ್ರೀಸ್ ವಾಸನೆ ಬರೋ ಜಾಗದಲ್ಲಿ ಇಂಗು ವಾಸನೆ. ಅಂಗಿ ಮೂಸಿ ನೋಡಿದ್ಳು, ನನ್ನ ನೋಡಿದ್ಳು, 'ನಾಳೆಯಿಂದ ಮನೇಲೂ ಸಾರು ನೀನೇ ಮಾಡು' ಅಂದ್ಳು. ಅಷ್ಟೆ. ಅಳ್ಲಿಲ್ಲ, ಕೂಗಾಡ್ಲಿಲ್ಲ. ಇವತ್ತಿಗೂ ಮನೇಲಿ ಸಾರು ನಂದೇ.

ಅವಳು ಹೇಳಿದ್ಳಾ ನಿಂಗೆ?

ತಲೆ ಆಡ್ಸ್ಬುಟ್ಟೆ. ಇಲ್ಲ ಅಂತ. ಹೇಳಿಲ್ಲ. ತವರಿಗೆ ಬಂದಾಗ್ಲೂ ಬಾಯಿ ಬಿಟ್ಟಿಲ್ಲ ನಿನ್ ತಂಗಿ... ಹಂಗಾದ್ರೆ ನಾನು ಈಗ ಹೇಳಿದ್ದು ಕೇಳಿ ನೀನು ಬೆಚ್ಚಿಬೀಳ್ಬೇಕಿತ್ತಲ್ಲ. ಲೋಟ ಕೆಳಗೆ ಬೀಳ್ಬೇಕಿತ್ತು. ನೀನು ಆರಾಮಾಗಿ ಕಾಫಿ ಕುಡೀತಾ ಇದ್ದೀಯ, ಇಷ್ಟು ಕೆಟ್ಟ ಕಾಫೀನ.

ಭಾವ.

ನಿಂಗೆ ಮೊದ್ಲೇ ಗೊತ್ತಿತ್ತಾ?

ಶಶಿಕುಮಾರ್ ಮಾತಿಂದಾನಾ, ಇವತ್ತು? ಅಲ್ವಾ. ಹೋದ ತಿಂಗಳಾ? ಯಾರ್ ಹೇಳಿದ್ದು ನಿಮ್ಗೆ? ನೀವು... ನೋಡು, ಭಯಕ್ಕೆ ಬಹುವಚನ ಬತ್ತೈತೆ ಬಾಯಲ್ಲಿ. ನೀವು ಹೇಳಿ. ಏನು, ಬೆರಳು ತೋರಿಸ್ತಿದ್ದೀರಾ? ಹತ್ತು. ಮತ್ತೆ... ಏಳು. ಹದಿನೇಳು ದಿನ?

ವರ್ಷ?

ಹದಿನೇಳು ವರ್ಷದ ಹಿಂದೆ ಅಂದ್ರೆ ಭೂಮಿಕಾ ಎಲ್ಡನೇ ಕ್ಲಾಸು. ಆ ವರ್ಷ ಏನಾಯ್ತು... ಆಯುಧ ಪೂಜೆನಾ? ಆ ದಿನ ಎಲ್ಲಾರ ಮನೆಯೋರ್ನೂ ಪ್ಲಾಂಟ್ ನೋಡೋಕೆ ಬಿಡ್ತಾರೆ. ನೀನು ಪ್ರತಿ ವರ್ಷ ಕೇಳೋನು, ಕರ್ಕೊಂಡು ಹೋಗು ಅಂತ. ನಾನು ಪ್ರತಿ ವರ್ಷ ಒಂದೊಂದು ನೆಪ ಹೇಳೋನು. ಒಂದ್ವರ್ಷ ಸಿಡುಬು ಅಂದಿದ್ದೆ, ಇಡೀ ಪ್ಲಾಂಟಿಗೆ. ಆಮೇಲೆ ನೀನು ಕೇಳೋದೇ ಬಿಟ್ಬುಟ್ಟೆ. ನಾನು ಬಚಾವಾದೆ ಅಂದ್ಕೊಂಡೆ. ನಿಮ್ಮೂರಿಂದ ಆ ವರ್ಷ ಯಾರೋ ಬಂದಿದ್ರು ಅಲ್ವಾ, ಮೆಷಿನ್ ಶಾಪಲ್ಲಿ ಕೆಲಸ ಮಾಡ್ತಿದ್ದ ಹುಡುಗನ ಮನೆಯೋರು, ಮ್ಯಾಕ್ಸಿ ಕ್ಯಾಬ್ ಮಾಡ್ಕೊಂಡು. ಅದರಲ್ಲಿ ನೀನೂ ಇದ್ದಾ?

ತಲೆ ಆಡ್ಸ್ತೀಯ. ಇದ್ದೆ ನೀನು.

ನಂಗೆ ಕಾಣ್ಲಿಲ್ಲ. ತಲೆಗೆ ಟೋಪಿ, ಮೂಗಿಗೆ ಬಟ್ಟೆ ಕಟ್ಕೊಂಡು ನಿಂತಿರ್ತೀನಿ ಭಾವ, ಆಯುಧ ಪೂಜೆ ದಿನ ನಾಲ್ಕು ಸಾವಿರ ಜನ. ನಾನು ತಟ್ಟೆ ನೋಡ್ತೀನಿ, ಮುಖ ನೋಡಲ್ಲ. ಮುಖ ನೋಡಿದ್ರೆ ಲೈನು ನಿಂತೋಯ್ತದೆ. ನೀನು ದೂರದಿಂದ ನೋಡ್ದಾ? ಹತ್ರ ಬಂದ್ಯಾ?

ತಟ್ಟೆ ಹಿಡ್ಕೊಂಡು ಬಂದ್ಯಾ. ಲೈನಲ್ಲಿ ನಿಂತ್ಕೊಂಡು. ನನ್ನ ಮುಂದೆ.

ನಾನು ಹಾಕಿದ್ನಾ?

ಅಯ್ಯೋ... ತಡಿ, ನಂಗೆ ವಸಿ ನೀರು ಕೊಡು.

ಹೆಂಡತಿ ಅಣ್ಣನಿಗೆ ಎಲೆ ಹಾಕಿ, ನೀರು ಕೊಟ್ಟು, ಪಕ್ಕದಲ್ಲಿ ಕುಂತು ಉಪಚಾರ ಮಾಡ್ಬೇಕು. ನಾನು ಸೌಟಲ್ಲಿ ತೆಗೆದು ತಟ್ಟೆಗೆ ಚಪ್ ಅಂತ ಹಾಕಿ, 'ನೆಕ್ಸ್ಟ್' ಅಂದಿರ್ತೀನಿ. ಅಂದ್ನಾ? ಅಂದಿರ್ತೀನಿ. ನಂಗೆ ನಾಚಿಕೆ ಆಯ್ತೈತೆ ಭಾವ. ಅಡುಗೆ ಮಾಡಿದ್ದಕ್ಕಲ್ಲ, ನೀನು ಅಲ್ಲಿ ನಿಂತು ನೋಡಿ, ತಿಂದು, ಮನೆಗೆ ಹೋಗಿ, ಹದಿನೇಳು ವರ್ಷ ನನ್ನ ಎದುರಿಗೆ ಕುಂತು ನಾನು ಟರ್ಬೋ ಬಗ್ಗೆ ಬಿಟ್ಟಿದ್ದೆಲ್ಲಾ ಕೇಳಿಸ್ಕೊಂಡ್ಯಲ್ಲ, ಅದಕ್ಕೆ. ಜರ್ಮನಿಗೆ ಕಳಿಸ್ತಾರೆ ನನ್ನ ಅಂದಿದ್ದೆ ಒಂದ್ಸಲ. ನೀನು ಅಲ್ಲಿ ಚಳಿ ಅಂತೆ, ಕಂಬಳಿ ತಗೊಂಡು ಹೋಗು ಅಂದೆ. ಗೊತ್ತಿದ್ದೂ ಅಂದೆ. ಕಂಬಳಿ ತಂದೂ ಕೊಟ್ಟೆ. ಎಂಥಾ ಮನುಷ್ಯ ನೀನು?

ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಏನು ಮಾಡಿದ್ದೆ, ಬಿಸಿಬೇಳೆ ಬಾತು ಅಲ್ವಾ? ಹೆಂಗಿತ್ತು?

ಎಲ್ಡು ಬೆರಳು. ಎಲ್ಡು ಅಂದ್ರೇನು, ಪರವಾಗಿಲ್ಲ ಅಂತಾನಾ? ಅಲ್ಲ... ಎಲ್ಡು ಸಲ ಹಾಕಿಸ್ಕೊಂಡ್ಯಾ? ಮತ್ತೆ ಲೈನಲ್ಲಿ ನಿಂತು ಬಂದ್ಯಾ? ನೀನು ಎಲ್ಡು ಸಲ ನನ್ನ ಮುಂದೆ ಬಂದ್ರೂ ನಾನು ತಲೆ ಎತ್ತಲಿಲ್ಲ.

ಬಿಡು. ಕಣ್ಣಿಗೆ ಏನೋ ಬಿತ್ತು, ಈ ಎಸಿ ಧೂಳು.

ಹಂಗಾದ್ರೆ ಇನ್ನೊಂದು ಹೇಳು. ನಾನು ಸೌಟು ಹಿಡಿಯೋನು ಅಂತ ಗೊತ್ತಿದ್ಮೇಲೆ, ಎಂಜಿನ್ ಆರಿಸೋಕೆ ನನ್ನ ಯಾಕೆ ಕರೆದೆ? 'ನೀನು ಹೇಳಿದ್ದೇ ತಗೋತೀವಿ' ಅಂತ ಯಾಕಂದೆ? ಎಲ್ಲಾ ಗೊತ್ತಿದ್ದು, ಈ ಸೋಫಾ ಮೇಲೆ ಕೂರ್ಸಿ, ನಾನು ಒದ್ದಾಡೋದು ನೋಡೋಕಾ? ಅಲ್ಲ. ನೀನು ಅಂಥೋನಲ್ಲ. ಅಂಥೋನಾಗಿದ್ರೆ ಹದಿನೇಳು ವರ್ಷ ಕಾಯ್ತಿರ್ಲಿಲ್ಲ.

ಭೂಮಿಕಾಗೆ ಗೊತ್ತಾ?

ಭಾವ, ಅವಳಿಗೆ ಗೊತ್ತಾ?

ತಲೆ ಆಡ್ಸು, ಹೌದು ಅನ್ನು, ಇಲ್ಲ ಅನ್ನು, ಬೆರಳಾದ್ರೂ ತೋರ್ಸು. ಯಾಕೆ ಗಾಜಿನಿಂದ ಆಚೆ ನೋಡ್ತೀಯ? ಇಷ್ಟೊತ್ತು ನನ್ನ ನೋಡ್ತಿದ್ದೆ, ಈಗ ನೋಡ್ತಾ ಇಲ್ಲ.

ಗೊತ್ತಿಲ್ಲ ಅವಳಿಗೆ. ನೀನು ಹೇಳಿಲ್ಲ. ಹೇಳೋದೂ ಇಲ್ಲ.

ಓ.

ನನ್ನ ಬಾಯಿಂದ ಬರ್ಲಿ ಅಂತ ಕರ್ಕೊಂಡು ಬಂದಿದ್ದೀಯ. ಕಾರಿಗಲ್ಲ. ಫೋಟೋ ತೆಗ್ದು, ಮೇಜಿನ ಮೇಲೆ ಇಟ್ಟು, ಕೋರ್ಟಲ್ಲಿ ನಾಲ್ಕು ಜನಕ್ಕೆ ಹೇಳಿ, ಆಮೇಲೆ ಯಾವನೋ ಶಶಿಕುಮಾರ್ ತರಾ ಹುಡುಗ ಬಂದು, 'ಓ, ಇವ್ರಾ, ನಮ್ ಕ್ಯಾಂಟೀನ್ ಅಣ್ಣ' ಅಂದ್ರೆ ಮಗೀಗೆ ಹೆಂಗಾಗ್ಬೇಕು ಅಂತ. ಅದಕ್ಕೆ. ಬಾಯಿ ಬಿಟ್ಟು ಹೇಳ್ಬಾರದಾ? ಒಂದು ಮಾತು. 'ತಿಮ್ಮರಾಜು, ಅವಳಿಗೆ ಹೇಳ್ಬುಡು' ಅಂತ ಅನ್ನೋಕೆ ಅಷ್ಟು ಭಾರನಾ ನಿನ್ ನಾಲಿಗೆ?

ಅಂದಿದ್ರೆ ನಾನು ಓಡೋಗಿರ್ತಿದ್ದೆ. ಅದೂ ಗೊತ್ತು ನಿಂಗೆ.

ಬೆಳಗಿನಿಂದ ಏನ್ ಮಾಡ್ತಿದ್ದೀನಿ ನಾನು? ಒಂದು ಫೋಟೋ ತಪ್ಪಿಸ್ಕೊಳ್ಳೋಕೆ ಆ ಮಗೀಗೆ ಬ್ಯಾಡದೇ ಇರೋ ಎಂಜಿನ್ ಕೊಡಿಸೋಕೆ ಹೊರಟಿದ್ದೀನಿ. ಇಂಥ ಕೆಲಸ ಯಾವನಾದ್ರೂ ಮಾಡ್ತಾನಾ? ಇಷ್ಟುದ್ದ ಇದ್ದಾಗಿಂದ ನನ್ನ ಹೆಗಲ ಮೇಲೆ ಬೆಳ್ದ ಮಗು ಅದು.

ಎಂಜಿನ್ ಬಗ್ಗೆ ನಂಗೆ ಏನೂ ಗೊತ್ತಿಲ್ಲ ಅನ್ಕೋಬ್ಯಾಡ ಆದ್ರೆ. ಮಾಡೋಕೆ ಗೊತ್ತಿಲ್ಲ. ಕೇಳಿ ಗೊತ್ತು. ಇಪ್ಪತ್ತೆರಡು ವರ್ಷ ಆ ಇಂಜಿನಿಯರ್‌ಗಳು ನನ್ನ ಟೇಬಲ್ ಮೇಲೆ ಕುಂತು ಅನ್ನ ಕಲಸ್ಕೊಂಡು ಮಾತಾಡ್ತಾರೆ, ನಾನು ಮೊಸರು ಹಾಕ್ತಾ ಕೇಳ್ತೀನಿ. ಯಾರು ಯಾವ ಕಾರು ತಗೊಂಡ್ರು, ಯಾರು ಗೋಳಾಡಿದ್ರು, ಎಲ್ಲಾ ಗೊತ್ತು. ಹೊಸೂರು ಒಳಗೇ ಮನೆ, ಮಾರ್ಕೆಟ್ಟು, ಸ್ಕೂಲು ಅಂತ ಸುತ್ತೋರೆಲ್ಲಾ ಸ್ಟ್ಯಾಂಡರ್ಡ್ ತಗೊಂಡು ಸುಖವಾಗಿ ಅವ್ರೆ. ಅವ್ರಿಗೆ ಟರ್ಬೋ ಬ್ಯಾಡ. ದಿನಾ ಧರ್ಮಪುರಿ, ಕೃಷ್ಣಗಿರಿಯಿಂದ ಹೈವೇಲಿ ಬರೋರು ಟರ್ಬೋ ತಗೊಂಡವ್ರೆ, ಒಬ್ಬನೂ ಬೈದಿದ್ದು ನಾನು ಕೇಳಿಲ್ಲ. ನಮ್ ಭೂಮಿಕಾ ಶೂಳಗಿರಿ ಹತ್ರ ಹೈವೇ ಹತ್ತಿ ದಿನಾ ಕೃಷ್ಣಗಿರಿಗೆ ಹೋಗೋಳು. ವಾಪಸ್ ಬರೋವಾಗ ಪೂರಾ ಏರು, ಮುಂದೆ ಕಲ್ಲು ತುಂಬಿರೋ ಲಾರಿ ಸಾಲು. ದಾಟ್ಬೇಕು ಅಂದಾಗ ಕಾರು ದಾಟ್ಬೇಕು, ಮಧ್ಯದಲ್ಲಿ ಉಸಿರು ಕಟ್ಟಿ ನಿಲ್ಬಾರದು. ಟರ್ಬೋನೇ ತಗೋ ಭಾವ. ಆಯಿಲ್ಲು ಅವ್ರು ಹೇಳಿದ ದಿನಕ್ಕೆ ಬದಲಾಯ್ಸಿ, ಒಂದಿನ ಮುಂದೆ ಹಾಕೋದು ಬ್ಯಾಡ. ಮತ್ತೆ ದೂರ ಓಡ್ಸಿ ಬಂದ ತಕ್ಷಣ ಕೀ ತಿರುಗ್ಸಿ ಆಫ್ ಮಾಡ್ಬಾರದು. ನಮ್ ಪ್ಲಾಂಟ್ ಹೆಡ್ಡು ದಿನಾ ಕ್ಯಾಂಟೀನ್ ಮುಂದೆ ಬಂದು ಕಾರಲ್ಲೇ ಒಂದು ನಿಮಿಷ ಸುಮ್ನೆ ಕುಂತಿರ್ತಾರೆ, ಎಂಜಿನ್ ಆನ್ ಇಟ್ಕೊಂಡು. ಆ ಚಕ್ರ ತಣ್ಣಗಾಗ್ಲಿ ಅಂತ. ಅದನ್ನ ಅವಳಿಗೆ ಹೇಳು. ಇಲ್ಲ, ನಾನೇ ಹೇಳ್ತೀನಿ.

ಬಂದ್ಳು ನೋಡು. ಕೆಂಪು ಕಾರು. ಏನ್ ಗತ್ತಲ್ಲಿ ತಿರುಗ್ಸಿದ್ಳು ನೋಡು ಗೇಟ್ ಹತ್ರ, ಆ ಶಶಿಕುಮಾರ್ ಮುಖ ಬಿಳಿ ಆಗೋಗೈತೆ. ನೋಡು, ಬಾನೆಟ್ ಎತ್ತಿಸ್ತಾ ಅವ್ಳೆ. ಫೋನ್ ಆಗ್ಲೇ ಕೈಯಲ್ಲಿ ಐತೆ. ಕೈ ಬೀಸ್ತಾ ಅವ್ಳೆ ನನ್ನ ಕಡೆಗೆ.

ಬಾ, ಹೋಗಣ ಭಾವ. ನಾಲ್ಕು ಸಾವಿರ ಜನಕ್ಕೆ ಬಡಿಸೋದು ಇದಕ್ಕಿಂತ ಸುಲಭ. ನೀನು ಏಳು. ಮಾತಾಡ್ದಿದ್ರೆ ಬ್ಯಾಡ, ಪಕ್ಕದಲ್ಲಿ ನಿಂತ್ಕೋ. ಅವಳು ತೋರ್ಸು ಅಂದ್ರೆ ನಾನು ಹೇಳ್ಬುಡ್ತೀನಿ. ಇದರೊಳಗೆ ನಂದು ಅನ್ನೋದು ಒಂದು ನಟ್ಟೂ ಇಲ್ಲ ಕಣವ್ವ, ಇದನ್ನ ಮಾಡಿದೋರ ಹೊಟ್ಟೇಲೈತೆ ನಂದೆಲ್ಲಾ, ಅಂತ.